‘ಪ್ರವೇಶ ಉಚಿತ’ ಎಂಬ ಸಾಲನ್ನು ಓದುತ್ತಾ

ಕಳೆದ ಭಾದ್ರಪದದಲ್ಲಿ, ಮೈಸೂರಿನ ನಮ್ಮ ಬಡಾವಣೆಯ ಗಣೇಶೋತ್ಸವದ ಕಛೇರಿ ಮುಗಿದ ಮೇಲೆ, ಮೃದಂಗ ವಿದ್ವಾಂಸರೊಬ್ಬರು ವಾದ್ಯಕ್ಕೆ ಗವಸು ಹಾಕುತ್ತಾ ನನ್ನನ್ನು ಹತ್ತಿರ ಕರೆದರು. ಪೆಂಡಾಲಿನ ಕುರ್ಚಿಗಳನ್ನು ಹುಡುಗರು ಆಗಲೇ ಮಡಿಸಿಡುತ್ತಿದ್ದರು.

“ಮೇಷ್ಟ್ರೇ, ಹೋದ ವರ್ಷ ನೀವು ಯೂಟ್ಯೂಬಿಗೆ ಹಾಕಿದ್ರಲ್ಲ, ತೋಡಿ ಹಾಡಿದ ಕಛೇರಿ. ಅದನ್ನ ನನ್ನ ತಂಗಿ ಮಗ ಅಮೆರಿಕದಿಂದ ನನಗೇ ಕಳಿಸಿದ. ‘ತನಿ ಬಹಳ ಚೆನ್ನಾಗಿದೆ ಮಾಮ, ಮೃದಂಗ ಯಾರು?’ ಅಂತ ಕೇಳಿದಾನೆ. ಏನು ಹೇಳಲಿ? ನಿಮ್ಮ ಫೋನು ನನ್ನ ಕಡೆ ತಿರುಗೇ ಇಲ್ಲ.”

ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ಗವಸಿನ ದಾರ ಬಿಗಿಯುತ್ತಾ, “ದುಡ್ಡಿನ ಮಾತಲ್ಲ ಮೇಷ್ಟ್ರೇ, ಹೆಸರಾದ್ರೂ ಹಾಕಬಹುದಿತ್ತು” ಎಂದರು.

ಮನೆಗೆ ಬಂದು ನೋಡಿದೆ. ನಿಜ. ವಿಡಿಯೋದ ತಲೆಬರಹದಲ್ಲಿ ಗಾಯಕರ ಹೆಸರಿದೆ, ರಾಗದ ಹೆಸರಿದೆ, ಊರಿನ ಹೆಸರಿದೆ. ಕೆಳಗೆ ನನ್ನ ಹೆಸರಿದೆ. ಪಿಟೀಲು ನುಡಿಸಿದಾಕೆಯ ಹೆಸರಿಲ್ಲ, ಮೃದಂಗದವರ ಹೆಸರಿಲ್ಲ. ವಿಡಿಯೋ ಶುರುವಾಗುವ ಮುಂಚೆ ಒಂದು ಜಾಹೀರಾತು ಬಂತು. ನನ್ನ ಚಾನೆಲ್ಲಿನಿಂದ ನನಗೆ ಒಂದು ಪೈಸೆಯೂ ಬಂದಿಲ್ಲ; ಅದಕ್ಕೆ ಬೇಕಾದ ಅರ್ಹತೆಯೇ ಅದಕ್ಕಿಲ್ಲ. ಆದರೆ 2021ರಿಂದೀಚೆಗೆ ಯೂಟ್ಯೂಬ್ ಇಂಥ ಅರ್ಹತೆಯಿಲ್ಲದ ಚಾನೆಲ್ಲುಗಳ ಮೇಲೂ ಜಾಹೀರಾತು ಹಾಕುತ್ತದೆ, ಆ ಹಣವನ್ನು ತಾನೇ ಇಟ್ಟುಕೊಳ್ಳುತ್ತದೆ. ಅಂದರೆ ಆ ತನಿಯಿಂದ ಸಂಪಾದನೆ ಆಗುತ್ತಿತ್ತು. ನುಡಿಸಿದವರಿಗೂ ಅಲ್ಲ, ಹಾಕಿದ ನನಗೂ ಅಲ್ಲ.

“ದುಡ್ಡಿನ ಮಾತಲ್ಲ” ಎಂಬ ಅವರ ಮಾತು ಮಾತ್ರ ತಲೆಯಲ್ಲೇ ಉಳಿಯಿತು. ಅದು ದುಡ್ಡಿನ ಮಾತೇ ಆಗಿತ್ತು. ನಮ್ಮಲ್ಲಿ ಸಂಗೀತದವರು ದುಡ್ಡಿನ ಮಾತನ್ನು ಆಡಬೇಕಾದರೆ ಅದು ದುಡ್ಡಿನ ಮಾತಲ್ಲ ಎಂದು ಮೊದಲು ಹೇಳಬೇಕಾಗುತ್ತದೆ. ಯಾಕೆ ಹೀಗೆ ಎನ್ನುವುದೇ ಈ ಬರಹದ ವಿಷಯ.

ಮೂವತ್ತು ವರ್ಷಗಳಿಂದ ಪತ್ರಿಕೆಗಳಿಗೆ ಕಛೇರಿ ವಿಮರ್ಶೆ ಬರೆಯುತ್ತಾ ಬಂದವನು ನಾನು. ಆಲಾಪನೆ ಎಲ್ಲಿ ಜಾರಿತು, ನಿರವಲು ಎಲ್ಲಿ ಎಳೆದಾಡಿತು, ಸಾಹಿತ್ಯದ ಉಚ್ಚಾರ ಎಲ್ಲಿ ಕೆಟ್ಟಿತು ಎಂದೆಲ್ಲ ಬರೆದಿದ್ದೇನೆ. ಕೊನೆಯಲ್ಲಿ ಒಂದು ಸಾಲು ತಪ್ಪದೆ ಇರುತ್ತಿತ್ತು: ಪಿಟೀಲಿನಲ್ಲಿ ಇಂಥವರು, ಮೃದಂಗದಲ್ಲಿ ಇಂಥವರು ಸಮರ್ಥವಾಗಿ ಸಹಕರಿಸಿದರು. ಆ ಸಾಲನ್ನು ಕಛೇರಿಗೆ ಹೋಗುವ ಮುಂಚೆಯೇ ಬರೆದಿಡಬಹುದಿತ್ತು, ಹೆಸರು ಬದಲಾಯಿಸಿದರೆ ಸಾಕು. ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ವಿಮರ್ಶೆ ಮಾಡದ ಪಠ್ಯವೆಂದರೆ ಕಛೇರಿಯ ಆಹ್ವಾನಪತ್ರಿಕೆ. ಆ ಕೆಲಸವನ್ನು ಈಗ ಮಾಡುತ್ತೇನೆ.

ನನ್ನ ಮೇಜಿನ ಮೇಲೆ ಇರುವ ಹತ್ತಾರು ಆಹ್ವಾನಪತ್ರಿಕೆಗಳ ರಚನೆ ಒಂದೇ. ಮೇಲೆ ದೇವರು. ಆಮೇಲೆ ಸಂಸ್ಥೆ. ಆಮೇಲೆ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ. ಇವರೆಲ್ಲ ದಪ್ಪಕ್ಷರದಲ್ಲಿದ್ದಾರೆ. ಅದರ ಕೆಳಗೆ ಗಾಯಕರು. ಅದಕ್ಕಿಂತ ಸಣ್ಣ ಅಕ್ಷರದಲ್ಲಿ ಪಕ್ಕವಾದ್ಯದವರು, ಎಷ್ಟೋ ಸಲ ‘ಮತ್ತು ತಂಡ’ ಎಂಬ ಎರಡು ಪದಗಳಲ್ಲಿ ಎಲ್ಲರೂ. ಕೊನೆಯಲ್ಲಿ ಅಂಚಿಗೆ: ಪ್ರವೇಶ ಉಚಿತ, ಸರ್ವರಿಗೂ ಆದರದ ಸ್ವಾಗತ.

ಉಚಿತ ಎಂದರೆ ಕೇಳುಗನಿಗೆ ಉಚಿತ. ಶಾಮಿಯಾನದವನು ಉಚಿತವಾಗಿ ಬರುವುದಿಲ್ಲ. ಮೈಕಿನವನು ಮುಂಗಡ ತೆಗೆದುಕೊಂಡೇ ಬರುತ್ತಾನೆ. ಫ್ಲೆಕ್ಸ್ ಮುದ್ರಿಸಿದವನು, ಹೂವಿನವಳು, ಪ್ರಸಾದದ ಅಡುಗೆಯವರು ಎಲ್ಲರಿಗೂ ದರ ಇದೆ, ಆ ದರವನ್ನು ಕೇಳಲು ಯಾರಿಗೂ ನಾಚಿಕೆಯಿಲ್ಲ. ದರ ಕೇಳಬಾರದವರು ವೇದಿಕೆಯ ಮೇಲೆ ಕೂತ ಮೂರು ನಾಲ್ಕು ಜನ ಮಾತ್ರ. ಅವರಿಗೆ ಕೊಡುವುದಕ್ಕೆ ನಾವು ಬೇರೆಯೇ ಪದಗಳನ್ನು ಮಾಡಿಕೊಂಡಿದ್ದೇವೆ. ಸಂಭಾವನೆ, ಗೌರವಧನ, ಕಾಣಿಕೆ. ಮೂರೂ ಕೊಡುವವನ ದೊಡ್ಡತನವನ್ನು ಹೇಳುವ ಪದಗಳು. ಕೂಲಿ ಕಡಿಮೆಯಾಯಿತು ಎನ್ನಬಹುದು, ಸಂಬಳ ಕಡಿಮೆಯಾಯಿತು ಎನ್ನಬಹುದು. ಗೌರವ ಕಡಿಮೆಯಾಯಿತು ಎಂದು ತಾನೇ ಬಾಯಿಬಿಟ್ಟು ಹೇಳುವುದು ಹೇಗೆ? ಚೌಕಾಸಿಗೆ ಎಡೆಯಿಲ್ಲದಂತೆ ಭಾಷೆಯಲ್ಲೇ ಏರ್ಪಾಟಾಗಿದೆ. ಹಾಗಾಗಿ ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆಗಳ ನಡುವೆ ಒಂದು ಕವರ್ ಬರುತ್ತದೆ. ಅದನ್ನು ಅಲ್ಲೇ ಬಿಚ್ಚಿ ನೋಡುವುದು ಅಸಭ್ಯ. ಬಸ್ಸಿನಲ್ಲಿ ಕೂತ ಮೇಲೆಯೇ ಗೊತ್ತಾಗುವುದು.

ಇದು ಇಂದಿನ ಕಥೆಯಲ್ಲ. ಧ್ವನಿಮುದ್ರಣ ಭಾರತಕ್ಕೆ ಬಂದ ಹೊತ್ತಿನಲ್ಲೇ ಎರಡು ದಾರಿಗಳು ಎದುರಾಬದುರಾಗಿದ್ದವು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗ್ ಎದುರು ಹಾಡಿದ ಗೌಹರ್ ಜಾನ್, ಮೂರು ನಿಮಿಷದ ತಟ್ಟೆಯ ಕೊನೆಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದಳು. ತಟ್ಟೆ ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಯಾವ ತಟ್ಟೆ ಯಾರದ್ದೆಂದು ಅಲ್ಲಿನವರಿಗೆ ತಿಳಿಯಲಿ ಎಂದು ಆ ಘೋಷಣೆ. ಕಾರಣ ಎಷ್ಟೇ ವ್ಯಾವಹಾರಿಕವಾಗಿರಲಿ, ಇಂದು ಕೇಳುವಾಗ ಅದು ತನ್ನ ದುಡಿಮೆಗೆ ತಾನೇ ಒತ್ತಿದ ಮುದ್ರೆಯಂತಿದೆ. ಅಂಥ ಗೌಹರ್ ಜಾನ್ ಕೊನೆಗಾಲದಲ್ಲಿ ಬಂದದ್ದು ನಮ್ಮ ಮೈಸೂರಿಗೆ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ನೇಮಕವಾಯಿತು. 1930ರ ಜನವರಿಯಲ್ಲಿ ಇಲ್ಲೇ ತೀರಿಕೊಂಡಳು. ದೇಶದಲ್ಲಿ ಮೊದಲಿಗೆ ಧ್ವನಿಮುದ್ರಣದಿಂದ ಹೆಸರು ಮಾಡಿದವರಲ್ಲಿ ಒಬ್ಬಳಾದವಳಿಗೂ ಕಡೆಗೆ ಆಸರೆಯಾದದ್ದು ಅರಮನೆ.

ಆ ಬಳಿಕ ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳು 1930ರ ದಶಕದಲ್ಲಿ ಹೊರಬಂದಾಗ ಅವುಗಳ ಮೇಲಿದ್ದದ್ದು ‘ಗಾಂಧಾರಿ’ ಎಂಬ ಹೆಸರು. ತಂತ್ರಜ್ಞಾನ ಬಂದಾಗಲೆಲ್ಲ ಹಾಡು ದೂರ ಹೋಗಿದೆ, ಹೆಸರು ಕೆಲವೊಮ್ಮೆ ದಾರಿಯಲ್ಲೇ ಉಳಿದಿದೆ.

ಅರಮನೆ ಹೋಯಿತು. ಆಕಾಶವಾಣಿ ಬಂತು. ಆಕಾಶವಾಣಿಯ ಬಗ್ಗೆ ದೂರು ಹೇಳುವವರು ಬಹಳ. ಆದರೆ ಅದು ಮಾಡಿದ ಒಂದು ಕೆಲಸ ನೆನಪಿಡಬೇಕು. ಕಲಾವಿದನಿಗೆ ಒಪ್ಪಂದಪತ್ರ ಕಳಿಸುತ್ತಿತ್ತು. ಅದರಲ್ಲಿ ದಿನಾಂಕ, ವೇಳೆ, ಅವಧಿ, ಮೊತ್ತ ಬರೆದಿರುತ್ತಿತ್ತು. ಶ್ರೇಣಿ ಇತ್ತು, ಶ್ರೇಣಿಗೆ ತಕ್ಕ ದರ ಇತ್ತು. ಇಂದಿಗೂ ಆಹ್ವಾನಪತ್ರಿಕೆಯಲ್ಲಿ ‘ಆಕಾಶವಾಣಿ ಎ ಶ್ರೇಣಿ ಕಲಾವಿದರು’ ಎಂದು ಅಚ್ಚು ಹಾಕಿಸುವ ಸಭೆಗಳು ಆ ಶ್ರೇಣಿಯ ಗೌರವವನ್ನಷ್ಟೇ ತೆಗೆದುಕೊಂಡವು. ಮೊತ್ತವನ್ನು ಮೊದಲೇ ಬರೆದು ತಿಳಿಸುವ ಪದ್ಧತಿಯನ್ನು ಬಿಟ್ಟವು.

ಈಗ ವಿಡಿಯೋ ಬಂದಿದೆ. ಯುವ ಕಲಾವಿದರಿಗೆ ಸಿಗುವ ಉಪದೇಶವೆಲ್ಲ ಒಂದೇ ಥರ. ಚಾನೆಲ್ ಮಾಡಿ, ದಿನಕ್ಕೊಂದು ಶಾರ್ಟ್ಸ್ ಹಾಕಿ, ಮೊದಲ ಮೂರು ಸೆಕೆಂಡಿನಲ್ಲಿ ಹಿಡಿದುಬಿಡಿ, ದುಡ್ಡು ತಾನಾಗಿ ಬರುತ್ತದೆ. ಲೆಕ್ಕ ಹಾಕಿ ನೋಡೋಣ. ಜಾಹೀರಾತಿನ ಪಾಲು ಸಿಗಬೇಕಾದರೆ ಚಾನೆಲ್ಲಿಗೆ 1000 ಚಂದಾದಾರರು ಬೇಕು. ಜೊತೆಗೆ ಹನ್ನೆರಡು ತಿಂಗಳಲ್ಲಿ 4000 ಗಂಟೆಗಳ ವೀಕ್ಷಣೆ, ಇಲ್ಲವೇ ತೊಂಬತ್ತು ದಿನಗಳಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ. 4000 ಗಂಟೆ ಎಂದರೆ 2,40,000 ನಿಮಿಷ. ಒಂದು ಗಂಟೆಯ ಕಛೇರಿಯನ್ನು ಜನ ಸರಾಸರಿ ಹತ್ತು ನಿಮಿಷ ನೋಡಿದರೆಂದು ಇಟ್ಟುಕೊಂಡರೂ 24,000 ಸಲ ಯಾರಾದರೂ ಅದನ್ನು ತೆರೆಯಬೇಕು. ಶಾರ್ಟ್ಸ್ ಫೀಡಿನಲ್ಲಿ ಕಳೆದ ನಿಮಿಷಗಳು ಈ ಗಂಟೆಗಳ ಲೆಕ್ಕಕ್ಕೆ ಸೇರುವುದೇ ಇಲ್ಲ. ಅರ್ಹತೆ ಸಿಕ್ಕ ಮೇಲೆ ಉದ್ದನೆಯ ವಿಡಿಯೋದ ಜಾಹೀರಾತಿನಲ್ಲಿ ಶೇ. 55, ಶಾರ್ಟ್ಸ್‌ನಲ್ಲಿ ಹಂಚಿಕೆಗೆ ಬಂದ ಮೊತ್ತದ ಶೇ. 45 ಕಲಾವಿದನ ಪಾಲು. ಅದೂ ಖಾತೆಯಲ್ಲಿ ನೂರು ಡಾಲರ್ ಆಗುವವರೆಗೆ ಕೈಗೆ ಬರುವುದಿಲ್ಲ.

ಬಂದ ಹಣ ಬರುವುದು ಚಾನೆಲ್ಲಿನ ಒಡೆಯನ ಒಂದೇ ಖಾತೆಗೆ. ವೇದಿಕೆಯ ಮೇಲೆ ನಾಲ್ವರಿದ್ದರು ಎಂಬುದು ಯೂಟ್ಯೂಬಿಗೆ ತಿಳಿಯದು. ಗಾಯಕ ಹಂಚಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಹ್ವಾನಪತ್ರಿಕೆಯ ‘ಮತ್ತು ತಂಡ’ ಇಲ್ಲಿಯೂ ಮುಂದುವರಿಯಿತು.

ಶಾರ್ಟ್ಸ್ ಸಂಗೀತಕ್ಕೆ ಏನು ಮಾಡುತ್ತದೆ ಎಂಬುದು ವಿಮರ್ಶಕನಾಗಿ ನಾನು ಹೇಳಲೇಬೇಕಾದ ಮಾತು. ನಲವತ್ತು ಸೆಕೆಂಡಿನಲ್ಲಿ ಚೆನ್ನಾಗಿ ಕಾಣುವುದು ಬಿರುಸಿನ ಸ್ವರಪ್ರಸ್ತಾರ, ಮೇಲಿನ ಷಡ್ಜದ ಮೇಲೆ ಉಸಿರು ಹಿಡಿದು ನಿಲ್ಲುವುದು, ಮುಖದ ಉಲ್ಲಾಸ. ಮಂದ್ರದ ತೋಡಿ ಅಲ್ಲಿ ಕಾಣುವುದಿಲ್ಲ. ಕಳೆದ ಎರಡು ಮೂರು ವರ್ಷಗಳಲ್ಲಿ ನಾನು ಕೇಳಿದ ಕೆಲವು ಎಳೆಯರ ಕಛೇರಿಗಳಲ್ಲಿ ಆಲಾಪನೆ ತುಂಡುತುಂಡಾಗಿದೆ. ಪ್ರತಿ ತುಂಡಿಗೂ ಒಂದು ಕೊನೆ, ಒಂದು ಚಪ್ಪಾಳೆಯ ಜಾಗ. ಕತ್ತರಿಸಲು ಸುಲಭವಾಗುವಂತೆ ಮೊದಲೇ ಗೆರೆ ಎಳೆದುಕೊಂಡಂತೆ. ಅವರನ್ನು ದೂರಲು ನನಗೆ ಬಾಯಿಲ್ಲ. ನಾವು ಕೇಳುಗರು ಎರಡು ಗಂಟೆಗೆ ಏನೂ ಕೊಡದೆ ನಲವತ್ತು ಸೆಕೆಂಡಿಗೆ ಲೈಕ್ ಕೊಟ್ಟೆವು. ಅವರು ನಾವು ಕೊಟ್ಟ ಕಡೆಗೆ ತಿರುಗಿದರು.

ಇನ್ನೊಂದು ತೊಡಕಿದೆ. ನನ್ನ ಪರಿಚಯದ ಗಾಯಕಿಯೊಬ್ಬರು ದಾಸರ ಪದವೊಂದನ್ನು ಹಾಡಿ ಹಾಕಿದರು. ನಾಲ್ಕು ದಿನಕ್ಕೆ ಹಕ್ಕುಸ್ವಾಮ್ಯದ ಸೂಚನೆ ಬಂತು. ಅದೇ ಪದದ ಹಳೆಯ ಧ್ವನಿಮುದ್ರಣ ಇಟ್ಟುಕೊಂಡ ಒಂದು ಕಂಪನಿಯ ಹೆಸರಿನಲ್ಲಿ. ಪದ ಶತಮಾನಗಳ ಹಿಂದಿನದು, ಧಾಟಿ ಪರಂಪರೆಯದು, ಕಂಠ ಇವರದೇ. ಯಂತ್ರ ಹೋಲಿಕೆ ನೋಡುತ್ತದೆ, ವಂಶಾವಳಿ ನೋಡುವುದಿಲ್ಲ. ಆಕ್ಷೇಪ ಸಲ್ಲಿಸಲು ದಾರಿಯಿದೆ. ಎದುರು ಪಕ್ಷಕ್ಕೆ ಉತ್ತರಿಸಲು ಮೂವತ್ತು ದಿನ ಅವಕಾಶ. ಅವರು ಹೆದರಿ ವಿಡಿಯೋವನ್ನೇ ತೆಗೆದುಬಿಟ್ಟರು. ಹೆದರಬೇಕಾಗಿರಲಿಲ್ಲ. ಆದರೆ ಅದನ್ನು ಹೇಳಿಕೊಡುವವರು ನಮ್ಮ ಸಂಗೀತ ಶಾಲೆಗಳಲ್ಲಿ ಯಾರಿದ್ದಾರೆ?

ಇದೇ ಮಾತನ್ನು ತಿರುಗಿಸಿಯೂ ಹೇಳಬೇಕು. ದಾಸರ ಪದ ಯಾರ ಸ್ವತ್ತೂ ಅಲ್ಲ, ಸರಿ. ಭಾವಗೀತೆ ಹಾಗಲ್ಲ. ಕವಿ ತೀರಿಕೊಂಡ ಮುಂದಿನ ವರ್ಷದಿಂದ ಅರವತ್ತು ವರ್ಷ ಅವರ ಕವಿತೆಗೆ ಹಕ್ಕಿರುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರದು 2041ರ ಕೊನೆಯವರೆಗೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರದು 2054ರ ಕೊನೆಯವರೆಗೆ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟು ಬಂದಾಗಿನಿಂದ ಮನೆಮನೆಯಲ್ಲಿ ಕವಿತೆ ಹಾಡಾಯಿತು. ಆ ಹಾಡುಗಳಿಂದ ಇಂದು ಬದುಕುವವರು ಕವಿಯ, ರಾಗ ಹಾಕಿದವರ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ನನಗೆ ಕೊಡಿ, ನನ್ನಿಂದ ಕೇಳಬೇಡಿ ಎನ್ನುವ ನ್ಯಾಯ ನಿಲ್ಲುವುದಿಲ್ಲ.

ಕಾನೂನನ್ನು ಓದಿದಾಗ ನಾನು ಸಿಕ್ಕಿಬಿದ್ದೆ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆ ಪ್ರದರ್ಶಕರಿಗೂ ಹಕ್ಕು ಕೊಟ್ಟಿದೆ, ಐವತ್ತು ವರ್ಷಗಳಿಗೆ. ಅವರ ಪ್ರದರ್ಶನವನ್ನು ಮುದ್ರಿಸಿಕೊಳ್ಳುವುದು, ಜನರಿಗೆ ತಲುಪಿಸುವುದು ಅವರ ಒಪ್ಪಿಗೆಯ ವಿಷಯ. 2012ರ ತಿದ್ದುಪಡಿ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಪ್ರದರ್ಶನದ ವಾಣಿಜ್ಯ ಬಳಕೆಯಾದರೆ ರಾಯಲ್ಟಿ ಸಲ್ಲಬೇಕೆಂದಿತು. ಅದರ ಮರುವರ್ಷ ಗಾಯಕರ ಹಕ್ಕಿನ ಸಂಘವೊಂದು ನೋಂದಣಿಯಾಯಿತು. ಈಗ ಅದು ವಾದ್ಯಗಾರರನ್ನೂ ಒಳಗೊಂಡಿದೆ. ಸ್ವಂತಕ್ಕೆ ಕೇಳಲೆಂದು ಫೋನಿನಲ್ಲಿ ಮುದ್ರಿಸಿಕೊಳ್ಳುವುದಕ್ಕೆ, ಪಾಠಕ್ಕೆ, ಸಂಶೋಧನೆಗೆ ಕಾಯ್ದೆ ಅಡ್ಡಿ ಮಾಡುವುದಿಲ್ಲ. ನಾನು ಅಷ್ಟಕ್ಕೆ ನಿಲ್ಲಿಸಿದ್ದರೆ ಸರಿಯಿತ್ತು. ‘ಸಂಗೀತ ಸೇವೆ’ ಎಂದುಕೊಂಡು ಯೂಟ್ಯೂಬಿಗೆ ಹಾಕಿದ ಮೂರು ವರ್ಷಗಳ ವಿಡಿಯೋಗಳಲ್ಲಿ ಒಂದಕ್ಕೂ ನಾನು ಯಾರನ್ನೂ ಕೇಳಿರಲಿಲ್ಲ. ಸೇವೆ ಮಾಡುತ್ತಿದ್ದವನು ನಾನು, ಅದರ ಖರ್ಚು ಹೊರುತ್ತಿದ್ದವರು ಅವರು.

ಹಾಗಾದರೆ ವಿಡಿಯೋದಿಂದ ಏನೂ ಸಿಗುವುದಿಲ್ಲವೇ? ಸಿಗುತ್ತದೆ, ಆದರೆ ಜಾಹೀರಾತಿನ ಬಾಗಿಲಿನಿಂದಲ್ಲ. ನಾನು ಕೇಳಿ ತಿಳಿದ ಮಟ್ಟಿಗೆ, ಮೈಸೂರಿನಲ್ಲಿ ಬದುಕು ಸ್ವಲ್ಪ ಹಸನಾದ ಕಲಾವಿದರೆಲ್ಲ ವಿಡಿಯೋವನ್ನು ಕರೆಯೋಲೆಯಾಗಿ ಬಳಸಿದವರು. ಒಬ್ಬ ವೀಣೆಯಾಕೆ ಪ್ರತಿ ವಾರ ಒಂದು ರಾಗದ ಬಗ್ಗೆ ಕನ್ನಡದಲ್ಲಿ ಹತ್ತು ನಿಮಿಷ ಮಾತಾಡಿ ನುಡಿಸಿ ಹಾಕುತ್ತಾರೆ. ಅದನ್ನು ನೋಡಿ ನ್ಯೂಜೆರ್ಸಿಯ, ಡಲ್ಲಾಸಿನ ಕನ್ನಡದ ಮನೆಗಳ ಮಕ್ಕಳು ಶಿಷ್ಯರಾದರು. ಅವರ ಬೆಳಗು ಐದೂವರೆಗೆ ಶುರು. ಆ ಕಡೆ ಸಂಜೆ. ಜಾಹೀರಾತಿನಿಂದ ಅವರಿಗೆ ಬರುವುದು ಕರೆಂಟು ಬಿಲ್ಲಿಗೂ ಸಾಲದು. ಪಾಠದಿಂದ ಮನೆ ನಡೆಯುತ್ತದೆ. ಪೂರ್ತಿ ಕಛೇರಿಯನ್ನು ಅವರು ಎಲ್ಲರಿಗೂ ಬಿಡುವುದಿಲ್ಲ, ಸದಸ್ಯರಾದವರಿಗೆ ಮಾತ್ರ. ಚಾನೆಲ್ಲಿನ ಸದಸ್ಯತ್ವಕ್ಕೆ, ನೇರಪ್ರಸಾರದಲ್ಲಿ ಕೇಳುಗರು ಕೊಡುವ ಹಣಕ್ಕೆ 500 ಚಂದಾದಾರರು, 3000 ಗಂಟೆ, ತೊಂಬತ್ತು ದಿನದಲ್ಲಿ ಮೂರು ವಿಡಿಯೋ ಇದ್ದರೆ ಸಾಕು. ಅಲ್ಲಿ ಕಲಾವಿದನ ಪಾಲು ಶೇ. 70. ನೂರು ಮಂದಿ ನಿಜವಾದ ಕೇಳುಗರು ಇಲ್ಲಿ ಲಕ್ಷ ಮಂದಿ ಹಾದುಹೋಕರಿಗಿಂತ ದೊಡ್ಡವರು.

ಇನ್ನು ಪ್ರತ್ಯಕ್ಷ ಕಛೇರಿ. ಮೃದಂಗದವರ ಮಾತು ಕೇಳಿದ ಮೇಲೆ ನಾವು ನಾಲ್ವರು ಗೆಳೆಯರು ಸೇರಿ ಒಂದು ಪ್ರಯೋಗ ಮಾಡಿದೆವು. ಒಬ್ಬರ ಮನೆಯ ದೊಡ್ಡ ಹಜಾರ, ಮೈಕಿಲ್ಲ, ಅರವತ್ತು ಜನಕ್ಕೆ ಜಾಗ. ತಲೆಗೆ 300 ರೂಪಾಯಿ. ಕಛೇರಿಯ ಟಿಕೆಟ್ಟು ತಲಾ 500 ಮೀರದಿದ್ದರೆ ಜಿಎಸ್‌ಟಿ ಇಲ್ಲ. ಶಾಸ್ತ್ರೀಯ ಮತ್ತು ಜನಪದ ಕಲಾವಿದರ ಒಂದು ಪ್ರದರ್ಶನಕ್ಕೆ ಒಂದೂವರೆ ಲಕ್ಷದವರೆಗೂ ವಿನಾಯಿತಿಯಿದೆ. ಹಾಗಾಗಿ ‘ಟ್ಯಾಕ್ಸಿನ ರಗಳೆ’ ಎಂಬ ಸಂಘಟಕರ ಮಾಮೂಲಿ ನೆಪ ನಮಗೆ ಒದಗಲಿಲ್ಲ. ಬಂದವರು 47 ಜನ, ಸಂಗ್ರಹ 14,100. ಜಮಖಾನೆ, ಕಾಫಿ, ಉಪ್ಪಿಟ್ಟಿಗೆ 1,900. ಉಳಿದ 12,200ರಲ್ಲಿ ಗಾಯಕಿಗೆ 5,000, ಪಿಟೀಲಿಗೆ 3,000, ಮೃದಂಗಕ್ಕೆ 3,000, ಮುದ್ರಿಸಿದ ಹುಡುಗನಿಗೆ 1,200. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆವು. ವಿಡಿಯೋ ಗಾಯಕಿಯ ಚಾನೆಲ್ಲಿಗೆ ಹೋಗುತ್ತದೆ, ಮುಂದೆ ಏನಾದರೂ ಬಂದರೆ ಇದೇ ಪ್ರಮಾಣದಲ್ಲಿ ಮೂವರಿಗೂ ಪಾಲು ಎಂದು ಇನ್ನೊಂದು ಹಾಳೆಯಲ್ಲಿ ಬರೆದು ಮೂವರೂ ಸಹಿ ಹಾಕಿದರು.

ದೊಡ್ಡ ಮೊತ್ತವಲ್ಲ, ಗೊತ್ತು. ಆದರೆ ತಿಂಗಳಿಗೆ ಇಂಥ ನಾಲ್ಕು ಹಜಾರಗಳು ಒಂದು ಊರಿನಲ್ಲಿದ್ದರೆ ಒಬ್ಬ ಪಕ್ಕವಾದ್ಯದವರು ಮನೆ ಬಾಡಿಗೆ ಕಟ್ಟಬಹುದು.

ಬಂದವರಲ್ಲಿ ಒಬ್ಬ ಹಿರಿಯರು ಬಾಗಿಲಲ್ಲೇ ನಿಂತು, “ಸರಸ್ವತಿಗೆ ಟಿಕೆಟ್ಟಾ ಸ್ವಾಮಿ?” ಎಂದರು. ಕೋಪದಿಂದಲ್ಲ, ಸಂಕಟದಿಂದ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ನಾನು ಕೇಳುಗನಾದದ್ದೇ ಉಚಿತ ಕಛೇರಿಗಳಲ್ಲಿ. ನಮ್ಮ ತಂದೆ ಗಿರಣಿಯ ಗುಮಾಸ್ತರು. ಟಿಕೆಟ್ಟಿದ್ದಿದ್ದರೆ ಗಣೇಶನ ಪೆಂಡಾಲಿನ ಹೊರಗೆ, ಬೀದಿ ದೀಪದ ಕಂಬಕ್ಕೊರಗಿ ನಾನು ಕೇಳಿದ ಒಂದೂ ಕಛೇರಿ ನನ್ನ ಪಾಲಿಗೆ ಇರುತ್ತಿರಲಿಲ್ಲ. ‘ಪ್ರವೇಶ ಉಚಿತ’ ಎಂಬ ಸಾಲು ನನ್ನಂಥವರ ಮಟ್ಟಿಗೆ ಸಣ್ಣ ವರವಲ್ಲ. ಬೆಂಗಳೂರಿನ ಗಾಯನ ಸಮಾಜ ಹುಟ್ಟಿದ್ದು 1905ರಲ್ಲಿ, ಚಾಮರಾಜಪೇಟೆಯ ರಾಮಸೇವಾ ಮಂಡಳಿ ರಾಮನವಮಿ ಕಛೇರಿಗಳನ್ನು ಶುರು ಮಾಡಿದ್ದು 1939ರಲ್ಲಿ. ಅರಮನೆಯ ಆಚೆಗೆ ಸಂಗೀತವನ್ನು ಬೀದಿಗೆ, ಮೈದಾನಕ್ಕೆ ತಂದದ್ದು ಇಂಥ ಸಭೆಗಳೇ. ಎಲ್ಲ ಕಡೆ ಟಿಕೆಟ್ಟು ಹಾಕಿ ಎಂದು ನಾನು ಹೇಳಿದರೆ ನನ್ನ ಬಾಲ್ಯದ ಬಾಗಿಲನ್ನೇ ನಾನು ಮುಚ್ಚಿದಂತೆ.

ಹಾಗಾಗಿ ನಾನು ಬೇರೆ ಕೇಳುತ್ತಿದ್ದೇನೆ. ಉಚಿತವಾಗಿರಲಿ, ಆದರೆ ಯಾರು ಕೊಟ್ಟರು ಎಂದು ಬರೆಯಿರಿ. ಅನ್ನಸಂತರ್ಪಣೆಗೆ ಅಕ್ಕಿ ಕೊಟ್ಟವರ ಹೆಸರನ್ನು ಬೋರ್ಡಿನಲ್ಲಿ ಬರೆಯುತ್ತೇವೆ, ಎಷ್ಟು ಮೂಟೆ ಎಂದೂ ಬರೆಯುತ್ತೇವೆ. ಕಛೇರಿಯ ವೆಚ್ಚ ಕೊಟ್ಟವರ ಹೆಸರೂ ಹಾಗೇ ಬರಲಿ, ಕಲಾವಿದರಿಗೆ ಸಂದದ್ದು ಎಷ್ಟು ಎಂದೂ ಬರಲಿ. ಯಾರೂ ಪೂರ್ತಿ ಕೊಡಲಾಗದಿದ್ದರೆ ಬಂದವರನ್ನು ಕೇಳಿ. ಪೆಂಡಾಲಿನಲ್ಲಿ ಗಣೇಶನ ಸೇವೆಗೆ ಕ್ಯೂಆರ್ ಕೋಡಿನ ದೊಡ್ಡ ಫ್ಲೆಕ್ಸ್ ಇರುತ್ತದೆ. ಅದರ ಪಕ್ಕದಲ್ಲಿ ಅಂದಿನ ಕಲಾವಿದರಿಗೆಂದು ಇನ್ನೊಂದು ಇಟ್ಟರೆ ಗಣೇಶ ಕೋಪಿಸಿಕೊಳ್ಳುವುದಿಲ್ಲ. ನಮ್ಮ ಹಜಾರದಲ್ಲಿ ಹತ್ತು ಜಾಗ ವಿದ್ಯಾರ್ಥಿಗಳಿಗೆ ಬಿಟ್ಟಿದ್ದೆವು, ಕೊಡಲಾಗದವರು ಹೇಳಿದರೆ ಸಾಕು ಎಂದಿದ್ದೆವು. ಆ ಹಿರಿಯರನ್ನು ಹಾಗೆಯೇ ಒಳಗೆ ಕರೆದು ಕೂರಿಸಿದೆವು. ಕಛೇರಿ ಮುಗಿದ ಮೇಲೆ ಅವರು ಬಾಗಿಲಿಗೆ ಅಂಟಿಸಿದ್ದ ಲೆಕ್ಕದ ಹಾಳೆಯನ್ನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಓದಿದರು, 500 ರೂಪಾಯಿ ಕೊಟ್ಟು ಹೋದರು. ಹಾಳೆಯ ಕೊನೆಗೆ ಅದನ್ನೂ ಸೇರಿಸಿ ಬರೆದೆವು.

ಕಲಾವಿದರಿಗೂ ಎರಡು ಮಾತು. ಒಪ್ಪಿಕೊಳ್ಳುವ ಮುಂಚೆ ಮೊತ್ತ ಕೇಳಿ. ವಾಟ್ಸಾಪಿನಲ್ಲಿ ಒಂದು ಸಾಲು ಬರೆಸಿಕೊಂಡರೂ ಅದು ಒಪ್ಪಂದವೇ. ಪಕ್ಕವಾದ್ಯದವರ ಮೊತ್ತವನ್ನು ಗಾಯಕರ ಕವರಿನೊಳಗೆ ಸೇರಿಸಲು ಬಿಡದೆ ಬೇರೆಯಾಗಿ ಕೇಳಿ. ಸಂಸ್ಥೆಗಳು ಹತ್ತು ಪರ್ಸೆಂಟ್ ತೆರಿಗೆ ಹಿಡಿದುಕೊಂಡಿದ್ದರೆ, ನಿಮ್ಮ ವರಮಾನ ತೆರಿಗೆಯ ಮಿತಿಗಿಂತ ಕಡಿಮೆಯಿದ್ದರೂ ರಿಟರ್ನ್ ಸಲ್ಲಿಸಿ; ಆ ಹಣ ನಿಮ್ಮದು, ವಾಪಸು ಬರುತ್ತದೆ. ನೇರಪ್ರಸಾರ ಮಾಡುತ್ತೇವೆ ಎಂದು ಸಂಘಟಕರು ಹೇಳಿದಾಗ, ಎಷ್ಟು ದಿನ ಇಡುತ್ತೀರಿ, ಯಾರ ಚಾನೆಲ್ಲಿನಲ್ಲಿ, ನಮ್ಮೆಲ್ಲರ ಹೆಸರು ಇರುತ್ತದೆಯೇ ಎಂದು ಕೇಳಿ. ಕೇಳಿದರೆ ಮುಂದಿನ ವರ್ಷ ಕರೆಯುವುದಿಲ್ಲ ಎಂಬ ಭಯ ಸುಳ್ಳಲ್ಲ. ಒಬ್ಬರು ಕೇಳಿದರೆ ಕರೆಯುವುದಿಲ್ಲ. ಎಲ್ಲರೂ ಕೇಳಿದರೆ ಕರೆಯಲೇಬೇಕು. ಹಿರಿಯ ಗಾಯಕರು ಮೊದಲು ಬಾಯಿ ತೆರೆಯಬೇಕಾದದ್ದು ಈ ಕಾರಣಕ್ಕೆ.

ಮಲ್ಲೇಶ್ವರದಲ್ಲಿ ಪಿಟೀಲಿನ ಆಕಾರದ ಒಂದು ಸಭಾಂಗಣವಿದೆ. ಮೈಸೂರಿನ ಟಿ. ಚೌಡಯ್ಯನವರ ಹೆಸರಿನದು. ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳಲಿ ಎಂದು ಏಳು ತಂತಿಯ ಪಿಟೀಲು ಮಾಡಿಕೊಂಡವರು, ಎಷ್ಟೋ ಮಹಾನ್ ಗಾಯಕರ ಪಕ್ಕದಲ್ಲಿ ಕೂತು ನುಡಿಸಿದವರು. ಪಕ್ಕವಾದ್ಯದವರೊಬ್ಬರ ಹೆಸರಿನಲ್ಲಿ ಅಷ್ಟು ದೊಡ್ಡ ಕಟ್ಟಡ ಕಟ್ಟಿದ ನಾಡು ನಮ್ಮದು. ಆಹ್ವಾನಪತ್ರಿಕೆಯಲ್ಲಿ ಒಂದು ಸಾಲಿನ ಜಾಗ ಕೊಡಲು ಕಷ್ಟವಾಗಬಾರದು.

ನನ್ನ ಚಾನೆಲ್ಲಿನ ಹಳೆಯ ವಿಡಿಯೋಗಳನ್ನು ಒಂದೊಂದಾಗಿ ಆಯಾ ಕಲಾವಿದರಿಗೆ ಕಳಿಸುತ್ತಿದ್ದೇನೆ. ಇಡಲು ಒಪ್ಪಿದರೆ ಎಲ್ಲರ ಹೆಸರಿನೊಂದಿಗೆ ಇಡುತ್ತೇನೆ, ಇಲ್ಲವೆಂದರೆ ತೆಗೆಯುತ್ತೇನೆ. ಆ ತೋಡಿಯನ್ನು ತೆಗೆಯಲೇ ಎಂದು ಮೃದಂಗದವರನ್ನು ಕೇಳಿದೆ. “ಬೇಡಿ ಮೇಷ್ಟ್ರೇ, ತಂಗಿ ಮಗ ನೋಡಲಿ” ಎಂದರು.

ನಮ್ಮ ಹಜಾರದ ಕಛೇರಿಯಲ್ಲಿ ಮೃದಂಗ ನುಡಿಸಿದವರೂ ಅವರೇ. ಕೊನೆಗೆ ಕವರಿಲ್ಲದೆ, ಬಾಗಿಲ ಹಾಳೆಯಲ್ಲಿ ಬರೆದಷ್ಟೇ ನೋಟುಗಳನ್ನು ಕೈಗೆ ಕೊಟ್ಟೆ. ಅವರು ಸುಮ್ಮನೆ ಜೇಬಿಗಿಳಿಸಲು ಹೋದವರು ನಿಂತರು. ಸುತ್ತ ಒಮ್ಮೆ ನೋಡಿ, ಎಲ್ಲರ ಎದುರಿಗೇ ಹೆಬ್ಬೆರಳಿಗೆ ಎಂಜಲು ಹಚ್ಚಿ ಎಣಿಸಿದರು. “ತಪ್ಪು ತಿಳೀಬೇಡಿ” ಎಂದು ಹೇಳಲು ಬಾಯಿ ತೆರೆದವರು ಅದನ್ನು ಹೇಳದೆ, “ಸರಿಯಾಗಿದೆ” ಎಂದರು.